ಕಮಲಾಪುರದ ಪಟ್ಟಿ ಛತ್ತು

ಹೋದ ಮಳೆಗಾಲದಲ್ಲಿ ಕಲಬುರಗಿಯ ಕೋಟೆಯ ಬದಿಗೆ ಒಂದು ಹಳೆಯ ಬಂಗಲೆ ಕೆಡವುತ್ತಿದ್ದರು. ನಿಜಾಮರ ಕಾಲದಲ್ಲಿ ಯಾರೋ ದೊಡ್ಡ ಅಧಿಕಾರಿ ಇದ್ದ ಬಂಗಲೆ. ಮಗನ ಜೊತೆ ದವಾಖಾನೆಗೆ ಹೊರಟಿದ್ದ ನಾನು ಮಳೆ ಹನಿಯತೊಡಗಿದ್ದರಿಂದ ಅದರ ಪಡಸಾಲೆಯಲ್ಲಿ ನಿಂತೆ. ಒಳಗೆ ಆಳುಗಳು ಹಾರೆಯಿಂದ ಛತ್ತು ಕಿತ್ತು ಹಾಕುತ್ತಿದ್ದರು. ಹಳೆಯ ಸುಣ್ಣ, ಆಡಿನ ಕೂದಲು, ಎಷ್ಟೋ ವರ್ಷ ಕತ್ತಲಲ್ಲೇ ಇದ್ದ ಕಟ್ಟಿಗೆ, ಈ ಮೂರೂ ಕೂಡಿದ ವಾಸನೆ ಧೂಳಿನ ಜೊತೆ ಬಾಗಿಲಿಂದ ಹೊರಗೆ ಬಂತು. ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಮಳೆಯಲ್ಲೇ ಇಳಿದು ನಡೆದುಬಿಟ್ಟೆ.

“ಯಪ್ಪಾ, ತೊಯ್ಸ್ಕೋತಿ, ನಿಂದ್ರು! ಏನಾತು?” ಎಂದು ಮಗ ಹಿಂದಿನಿಂದ ಕೂಗಿದ.

ಏನಾಯಿತೆಂದು ಅವನಿಗೆ ನಾನು ಹೇಳಿಲ್ಲ. ಅವನ ತಾಯಿಗೂ ಹೇಳಿರಲಿಲ್ಲ. ಹೇಳದೆ ಉಳಿದದ್ದನ್ನು ಈಗ ಕೂತು ಬರೆಯುತ್ತಿದ್ದೇನೆ. ಮಠದ ಅಯ್ಯನವರು ಕಲಿಸಿದ ನಾಲ್ಕು ಅಕ್ಷರ ಇಂಥದ್ದಕ್ಕೆ ಬಳಕೆಯಾಗುತ್ತವೆ ಎಂದು ನಾನು ಎಣಿಸಿರಲಿಲ್ಲ.

ಆ ಬಂಗಲೆಯ ಛತ್ತಿಗೆ ಪಟ್ಟಿ ಹೊಡೆದವರಲ್ಲಿ ನಾನೂ ಒಬ್ಬ. ಆಗ ನನಗೆ ಇಪ್ಪತ್ತೈದು ವರ್ಷ. ನಮ್ಮದು ಬಡಿಗೇರರ ಮನೆತನ. ಬಾಗಿಲು, ತೊಲೆ, ಕುಂಟೆ, ಕೂರಿಗೆ ನಮಗೆ ಹುಟ್ಟಿನಿಂದ ಬಂದ ಕೆಲಸ. ಪಟ್ಟಿಯ ಕೆಲಸ ಮಾತ್ರ ಹೊಸದು. ನಮ್ಮ ಕಡೆಯ ಮನೆಗಳಿಗೆ ಮಣ್ಣಿನ ಮಾಳಿಗೆ. ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ಕಟ್ಟಿಗೆಯ ಚಕ್ಕೆ, ಅದರ ಮೇಲೆ ಬೇವಿನ ತಪ್ಪಲು, ಎಲ್ಲಕ್ಕೂ ಮೇಲೆ ಗೇಣುದ್ದ ಸವಳು ಮಣ್ಣು. ಗಾಳಿ ಬೀಸಿದರೆ ಅನ್ನದ ಮೇಲೆ ಮಣ್ಣು ಉದುರುತ್ತಿತ್ತು. ಉಳ್ಳವರು ಜಂತಿಯ ಕೆಳಗೆ ಬಟ್ಟೆ ಕಟ್ಟಿಸುತ್ತಿದ್ದರು. ಬಂಗಲೆ ಕಟ್ಟುವಾಗ ಮುಂಬಯಿ ಕಡೆಯಿಂದ ಬಂದ ಒಬ್ಬ ಮೇಸ್ತ್ರಿ ಬಟ್ಟೆಯ ಬದಲು ಪಟ್ಟಿ ಹೊಡೆಯುವುದನ್ನು ನಮಗೆ ಕಲಿಸಿದ. ಸಾಗವಾನಿಯನ್ನು ಗರಗಸದಿಂದ ಕೊಯ್ಯದೆ ನಾರಿನ ಉದ್ದಕ್ಕೆ ಸೀಳಬೇಕು. ಹೆಬ್ಬೆರಳಿನಷ್ಟು ಅಗಲ, ಅದರ ಕಾಲು ಭಾಗ ದಪ್ಪ. ಆ ಪಟ್ಟಿಗಳನ್ನು ಜಂತಿಯ ಕೆಳಮೈಗೆ ಒಂದರ ಪಕ್ಕ ಒಂದು ಮೊಳೆ ಹೊಡೆದು ಕೂಡಿಸಬೇಕು. ಆದರೆ ಒಂದಕ್ಕೊಂದು ತಾಗಬಾರದು. ನಡುವೆ ಕಿರುಬೆರಳ ತುದಿ ಹೋಗುವಷ್ಟು ಸಂದು ಬಿಡಬೇಕು. ಗೌಂಡಿ ಗಾರೆಯನ್ನು ಕೆಳಗಿನಿಂದ ಒತ್ತಿದಾಗ ಅದು ಆ ಸಂದಿನಿಂದ ಮೇಲಕ್ಕೆ ಹೋಗಿ, ಪಟ್ಟಿಯ ಬೆನ್ನ ಮೇಲೆ ಮಡಚಿ ಕೂಡುತ್ತದೆ. ಒಣಗಿದ ಮೇಲೆ ಆ ಮಡಿಕೆಯೇ ಇಡೀ ಛತ್ತನ್ನು ಹಿಡಿದುಕೊಳ್ಳುತ್ತದೆ. ಸಂದು ಕಿರಿದಾದರೆ ಗಾರೆ ಮೇಲೇರುವುದಿಲ್ಲ, ಹಿರಿದಾದರೆ ನಿಲ್ಲುವುದಿಲ್ಲ.

ಗಾರೆ ಹಚ್ಚುತ್ತಿದ್ದವನು ಮೋಮಿನಪುರದ ಲಾಲೇಸಾಬ. ನನಗಿಂತ ಇಪ್ಪತ್ತು ವರ್ಷ ದೊಡ್ಡವ. ನಾನು ಕಾಕಾ ಎನ್ನುತ್ತಿದ್ದೆ, ಆದರೆ ಮಾತು ಏಕವಚನದಲ್ಲೇ. ಪಟ್ಟಿ ನನ್ನದು, ಗಾರೆ ಅವನದು. ಒಂದು ಕೋಣೆ ಮುಗಿಯುವ ತನಕ ನಾವಿಬ್ಬರೂ ಒಂದೇ ಹಲಗೆಯ ಮೇಲೆ ನಿಂತು, ಕತ್ತು ಮೇಲೆ ಮಾಡಿ ಕೆಲಸ ಮಾಡುತ್ತಿದ್ದೆವು. ಮೊದಲ ಗಾರೆ ಒತ್ತಿದ ಮೇಲೆ ಅವನು ಅಂಗೈಯಿಂದ ಛತ್ತನ್ನು ತಟ್ಟಿ, “ಪಕಡ್ ಬಂತು ನೋಡು ಮಾನಪ್ಪ, ಇನ್ನ ನಾ ಸತ್ತರೂ ಇದು ಬೀಳಂಗಿಲ್ಲ” ಎನ್ನುತ್ತಿದ್ದ.

ಆ ವರ್ಷ ಮಳೆ ಹಿಡಿಯುವ ಹೊತ್ತಿಗೆ ಕಮಲಾಪುರದ ಗುರುಪಾದಪ್ಪ ಸಾವಕಾರರು ಏನೋ ಅರ್ಜಿ ಹಿಡಿದುಕೊಂಡು ಆ ಬಂಗಲೆಗೆ ಬಂದಿದ್ದರು. ಹತ್ತಿ ವ್ಯಾಪಾರದವರು, ಐವತ್ತರ ಆಸುಪಾಸು, ಹಣೆ ತುಂಬ ವಿಭೂತಿ. ಕೂಡ್ರಿ ಎಂದು ಯಾರೋ ಕುರ್ಚಿ ತೋರಿಸಿದರೂ ಕೂಡದೆ ಛತ್ತನ್ನೇ ನೋಡುತ್ತ ನಿಂತರು. ಪಕ್ಕದ ಕೋಣೆಯಲ್ಲಿ ನಾವು ಕೆಲಸ ಮುಗಿಸುತ್ತಿದ್ದೆವು. ನಮ್ಮನ್ನು ಕರೆದು ಕೇಳಿದರು.

“ಇದರಾಗಿಂದ ಚೇಳು ಬೀಳ್ತದೇನು?”

ಲಾಲೇಸಾಬ ನಕ್ಕ. “ಚೇಳು ಬಿಡ್ರಿ ಸಾವಕಾರ್ರ, ಇರುವಿ ಸುದ್ದಾ ಬೀಳಂಗಿಲ್ಲ.”

ಸಾವಕಾರರು ನಗಲಿಲ್ಲ. ಹೊರಗೆ ಬಂದು ಕಟ್ಟೆಯ ಮೇಲೆ ಕೂತು ನಮಗೆ ಸಂಗತಿ ಹೇಳಿದರು. ಒಬ್ಬಳೇ ಮಗಳು ನೀಲಮ್ಮ. ಹುಮನಾಬಾದದ ಕಡೆಗೆ ಕೊಟ್ಟಿದ್ದರು. ಚೊಚ್ಚಲು ಹೆರಿಗೆ ಕಮಲಾಪುರದ ಮನೆಯಲ್ಲೇ ಆಗಿ ಗಂಡುಕೂಸು ಹುಟ್ಟಿತ್ತು. ನಾಲ್ಕು ತಿಂಗಳ ಕೂಸು ತೊಟ್ಟಿಲಲ್ಲಿ ಮಲಗಿದ್ದಾಗ ಜಂತಿಯ ಸಂದಿನಿಂದ ಚೇಳು ಬಿತ್ತು. ಹೊತ್ತು ಇಳಿಯುವುದರೊಳಗೆ ಕೂಸು ಹೋಯಿತು. ಅಂದಿನಿಂದ ನೀಲಮ್ಮ ತವರಿಗೆ ಬಂದಿರಲಿಲ್ಲ. ಈಗ ಮತ್ತೆ ಬಸುರಿ. ಆ ಮನೆಗೆ ಕಳಿಸುವುದಿಲ್ಲ ಎಂದು ಬೀಗರು ಹೇಳುತ್ತಿದ್ದರು.

“ಮ್ಯಾಲ ಪೂರಾ ಮುಚ್ಚಸ್ತೀನಿ, ಒಮ್ಮಿ ಬಂದು ನೋಡವ್ವ, ಆಮ್ಯಾಲ ನಿನಗ ಬಿಟ್ಟದ್ದು ಅಂತ ಹೇಳಿ ಕಳಸ್ತೀನಿ,” ಎಂದರು ಸಾವಕಾರರು. “ನೀವು ಬರ್ತೀರೇನು?”

ನಾವು ಪಂಚಮಿ ಮುಗಿಸಿ ಹೊರಟೆವು. ಎತ್ತಿನ ಗಾಡಿಯಲ್ಲಿ ಬೆಳಕು ಹರಿಯುವ ಮುಂಚೆ ಕಲಬುರಗಿ ಬಿಟ್ಟರೆ ಕಮಲಾಪುರ ಸೇರುವಷ್ಟರಲ್ಲಿ ದೀಪ ಹಚ್ಚುವ ಹೊತ್ತು. ದಾರಿಯುದ್ದಕ್ಕೂ ಮಳೆ. ಕೆಂಪು ಮಣ್ಣು ಗಾಲಿಗೆ ಮೆತ್ತಿಕೊಂಡು ಎತ್ತುಗಳು ಬಹಳ ದಣಿದವು.

ಸಾವಕಾರರ ಮನೆ ದೊಡ್ಡದು. ಅಂಗಳದ ಒಂದು ಬದಿಗೆ ಹತ್ತಿ ಪೇರಿಸುವ ಕೋಣೆ, ಅದಕ್ಕೆ ಗೋಡೆ ಹಂಚಿಕೊಂಡು ಬಾಣಂತಿ ಕೋಣೆ. ಅಂಗಳದಲ್ಲಿ ಕೂತು ನಾನು ಪಟ್ಟಿ ಸೀಳತೊಡಗಿದೆ. ಸಾಗವಾನಿ ತುಂಡನ್ನು ನಿಲ್ಲಿಸಿ, ಬಾಚಿಯ ಅಂಚನ್ನು ನಾರಿಗೆ ಹಿಡಿದು ಒಂದು ಏಟು ಕೊಟ್ಟರೆ ಪಟ್ಟಿ ಬಿಚ್ಚಿಕೊಂಡು ಬರುತ್ತಿತ್ತು. ಹತ್ತು ದಿನ ಬರೀ ಸೀಳುವುದೇ ಆಯಿತು. ಲಾಲೇಸಾಬ ಸುಣ್ಣ ಅರಳಿಸಿ, ಗಾಣದಲ್ಲಿ ಅರೆಸಿ, ಬೆಲ್ಲದ ನೀರು ಹಾಕಿ, ಆಡಿನ ಕೂದಲನ್ನು ಬೆರಳುದ್ದ ಕತ್ತರಿಸಿ ಬೆರೆಸಿದ.

ನೀಲಮ್ಮ ಬಂದದ್ದು ನಾನು ಅರ್ಧ ಛತ್ತು ಹೊಡೆದಿದ್ದಾಗ. ಏಳನೆಯ ತಿಂಗಳು. ತೆಳ್ಳಗಿನ ಹೆಂಗಸು. ಗಾಡಿಯಿಂದ ಇಳಿದವಳು ಮನೆಯೊಳಗೆ ಹೋಗದೆ ಹೊಸ್ತಿಲ ಹೊರಗೇ ನಿಂತಳು. ತಾಯಿ ಗಂಗಮ್ಮ ಕೈ ಹಿಡಿದು ಕರೆದರೂ ಬರಲಿಲ್ಲ. ಕೊನೆಗೆ ಕೋಣೆಯ ಬಾಗಿಲವರೆಗೆ ಬಂದು, ತಲೆ ಎತ್ತಿ ನೋಡಿ ನನ್ನನ್ನು ಕೇಳಿದಳು.

“ಅಣ್ಣಾ, ಸಂದ್ಯಾಕ ಬಿಟ್ಟೀರಿ? ಇದರಾಗಿಂದ ಬರಂಗಿಲ್ಲೇನು?”

“ಗಾರೆ ತುಂಬ್ತದವ್ವ. ಸಂದು ಇದ್ರನ ಗಾರೆ ಹಿಡಿಯೋದು.”

ಅವಳು ಕೆಳಗೆ ಬಿದ್ದಿದ್ದ ಎರಡು ಪಟ್ಟಿ ಎತ್ತಿಕೊಂಡು, ನಾನು ತೋರಿಸಿದಂತೆ ಪಕ್ಕಪಕ್ಕ ಹಿಡಿದು, ನಡುವೆ ತನ್ನ ಕಿರುಬೆರಳು ತೂರಿಸಿ ನೋಡಿದಳು. ಪಟ್ಟಿ ಕೆಳಗಿಟ್ಟು ತಾಯಿಯ ಕೋಣೆಗೆ ಹೋದಳು. ಮರುದಿನದಿಂದ ದಿನಾ ಬಂದು ಬಾಗಿಲಲ್ಲಿ ಕೂತು ನೋಡುತ್ತಿದ್ದಳು. ಲಾಲೇಸಾಬ ಗಾರೆ ಒತ್ತಿ ಒಂದೊಂದು ಸಾಲು ಮುಚ್ಚಿದ ಹಾಗೆ ಅವಳ ಮಾತು ಸ್ವಲ್ಪ ಸ್ವಲ್ಪ ಹೆಚ್ಚಾಯಿತು. ಗಂಡನ ಊರಿನ ಸುದ್ದಿ ಹೇಳುತ್ತಿದ್ದಳು. ಕಾಕಾನ ಗಡ್ಡಕ್ಕೆ ಸುಣ್ಣ ಸಿಡಿದದ್ದು ಕಂಡು ನಗುತ್ತಿದ್ದಳು. ಸಾವಕಾರರು ಹತ್ತಿ ಕೋಣೆಯ ಬಾಗಿಲಲ್ಲಿ ನಿಂತು ಆ ನಗುವನ್ನು ಕೇಳಿಸಿಕೊಳ್ಳುವುದನ್ನು ನಾನು ನೋಡಿದ್ದೇನೆ.

ತೊಟ್ಟಿಲ ಸರಪಳಿಗೆ ಏನು ಮಾಡುವುದೆಂಬ ಪ್ರಶ್ನೆ ಬಂತು. ತೊಟ್ಟಿಲನ್ನು ಪಟ್ಟಿಗೆ ಕಟ್ಟಲಾಗದು, ಮೇಲಿನ ತೊಲೆಗೇ ಕಟ್ಟಬೇಕು. ಆದ್ದರಿಂದ ಕೋಣೆಯ ನಡುವೆ ಸರಪಳಿ ಇಳಿಯಲು ಮುಂಗೈ ತೂರುವಷ್ಟು ಒಂದು ತೂತು ಬಿಟ್ಟು, ಸರಪಳಿ ಇಳಿಸಿದ ಮೇಲೆ ಸುತ್ತ ಬಟ್ಟೆ ತುರುಕಲು ಹೇಳಿದೆವು. ಅಂಚಿಗೆ ನಾನು ಕಟ್ಟಿಗೆಯ ಬಳೆ ಕೂಡಿಸಿದೆ. ಛಂದ ಕಾಣುತ್ತಿತ್ತು.

ಮಹಾನವಮಿಯ ಹೊತ್ತಿಗೆ ಮೂರನೆಯ ಗಾರೆ ಮುಗಿದು, ಮೇಲೆ ತೆಳು ಸುಣ್ಣ ಹಚ್ಚಿ ಉಜ್ಜಿದೆವು. ನೀಲಮ್ಮ ಒಳಗೆ ಬಂದು, ಬಸುರು ಹೊತ್ತವಳು ಕಷ್ಟಪಟ್ಟು ನೆಲದ ಮೇಲೆ ಅಂಗಾತ ಮಲಗಿ ಛತ್ತು ನೋಡಿದಳು. “ಹಾಲು ಚೆಲ್ಲಿದಂಗ ಅದ,” ಎಂದಳು. ಗಂಗಮ್ಮ ಬಾಗಿಲಲ್ಲಿ ನಿಂತು ಕಣ್ಣೊರೆಸಿಕೊಂಡರು. ಅಂದು ನಮಗೆ ಹುಗ್ಗಿ ಬಡಿಸಿದರು. ಕೆಲಸ ಮುಗಿದ ಮನೆಯಿಂದ ಅಷ್ಟು ಸಮಾಧಾನದಿಂದ ನಾನು ಹೊರಟದ್ದು ಮುಂಚೆಯೂ ಇಲ್ಲ, ಆಮೇಲೂ ಇಲ್ಲ.

ಕಲಬುರಗಿಗೆ ಬಂದರೆ ಊರು ಬೇರೆಯೇ ಆಗಿತ್ತು. ಪಿಲೇಗು ಬಂದಿತ್ತು. ಬಜಾರಿನಲ್ಲಿ ಅರ್ಧ ಅಂಗಡಿಗಳು ಬಾಗಿಲು ಹಾಕಿದ್ದವು. ಅದರ ಗುರುತು ಎಲ್ಲರಿಗೂ ಗೊತ್ತಿತ್ತು. ಮೊದಲು ಮಾಳಿಗೆಯಿಂದ ಇಲಿ ಬೀಳುತ್ತಿದ್ದವು. ಅಮಲೇರಿದಂತೆ ತೂರಾಡಿ, ಜಂತಿಯ ಸಂದಿನಿಂದ ನೆಲಕ್ಕೆ ಬಿದ್ದು ಅಲ್ಲೇ ಸಾಯುತ್ತಿದ್ದವು. ಒಂದು ಇಲಿ ಬಿತ್ತೆಂದರೆ ಆ ಮನೆಯವರು ಒಲೆ ಆರಿಸಿ, ಹಾಸಿಗೆ ಸುತ್ತಿಕೊಂಡು ಹೊಲಕ್ಕೆ ಹೋಗಿ ಗುಡಿಸಲು ಹಾಕುತ್ತಿದ್ದರು. ಬೇಗ ಹೋದವರು ಉಳಿಯುತ್ತಿದ್ದರು. “ನಿಮ್ಮಲ್ಲಿ ಬಿತ್ತೇನು?” ಎಂಬುದೇ ಆಗ ಒಬ್ಬರನ್ನೊಬ್ಬರು ಕೇಳುವ ಯೋಗಕ್ಷೇಮ. ನಾನು ತಾಯಿ, ಹೆಂಡತಿ, ಸಣ್ಣ ಮಕ್ಕಳನ್ನು ಊರ ಹೊರಗಿನ ಗುಡಿಸಲಿಗೆ ಸಾಗಿಸಿದೆ. ಲಾಲೇಸಾಬ ಮಾತ್ರ ಮೋಮಿನಪುರ ಬಿಡಲಿಲ್ಲ.

ದೀಪಾವಳಿಯಾಗಿ ವಾರಕ್ಕೆ ಕಮಲಾಪುರದಿಂದ ಆಳು ಬಂದ. ನೀಲಮ್ಮನಿಗೆ ಹೆಣ್ಣುಕೂಸು ಹುಟ್ಟಿದೆ, ಇಬ್ಬರೂ ಚೆನ್ನಾಗಿದ್ದಾರೆ, ಆದರೆ ಕೋಣೆಯಲ್ಲಿ ಏನೋ ನಾತ ಬರುತ್ತಿದೆ, ಛತ್ತು ನೋಡಿ ಹೋಗಬೇಕಂತೆ. ಊರು ಬಿಟ್ಟು ಎರಡು ದಿನ ಹೊರಗಿರಲು ನೆವ ಸಿಕ್ಕಿತೆಂದು ನಾವಿಬ್ಬರೂ ಹೊರಟೆವು.

ಕಮಲಾಪುರದಲ್ಲಿ ಆಗಿನ್ನೂ ಯಾವ ಮನೆಯಲ್ಲೂ ಇಲಿ ಬಿದ್ದಿರಲಿಲ್ಲ. ಅಂದರೆ, ಬಿದ್ದದ್ದನ್ನು ಯಾರೂ ಕಂಡಿರಲಿಲ್ಲ. ಬಾಣಂತಿ ಕೋಣೆಯಲ್ಲಿ ಕೆಂಡದ ಮೇಲೆ ಓಂಕಾಳು, ಬೆಳ್ಳುಳ್ಳಿ ಸಿಪ್ಪೆಯ ಹೊಗೆ ಹಾಕಿದ್ದರು. ನೀಲಮ್ಮ ಗೋಡೆಗೆ ಒರಗಿ ಕೂತಿದ್ದಳು. ಮೈ ತುಂಬಿಕೊಂಡಿತ್ತು. “ಬರ್ರಿ ಅಣ್ಣಾ, ನೋಡ್ರಿ, ಒಂದು ಹರಳು ಮಣ್ಣು ಬಿದ್ದಿಲ್ಲ,” ಎಂದು ತೊಟ್ಟಿಲು ತೋರಿಸಿದಳು. ಹನ್ನೆರಡು ದಿನದ ಕೂಸು ಮುಷ್ಟಿ ಬಿಗಿದು ಮಲಗಿತ್ತು.

ಹೊಗೆಯ ನಡುವೆ, ಹತ್ತಿ ಕೋಣೆಯ ಗೋಡೆಯ ಮೂಲೆಯಲ್ಲಿ, ಆ ನಾತ ಇತ್ತು. ಬಲವಾಗಿರಲಿಲ್ಲ. ಬಂದು ಹೋಗುತ್ತಿತ್ತು. ಲಾಲೇಸಾಬ ಏಣಿ ಹತ್ತಿ ಮೂಗೊಡ್ಡಿ ಇಳಿದು ಬಂದ.

“ಮಾನಪ್ಪ, ಇಲ್ಲಿ ಎರಡು ಪಟ್ಟಿ ತೆಗಿಯೋಣು. ಕೈ ಹಾಕಿ ನೋಡೋಣು.”

ನಾನು ಛತ್ತಿನ ಕಡೆ ನೋಡಿದೆ. ಒಂದು ಬಿರುಕಿಲ್ಲ. ಎರಡು ಪಟ್ಟಿ ಕಿತ್ತರೆ ಗಾರೆಯ ಹಿಡಿತ ಸುತ್ತಲೂ ಬಿಡುತ್ತದೆ. ಬಿರುಕು ಗೋಡೆಯಿಂದ ಗೋಡೆಗೆ ಓಡುತ್ತದೆ. ಬಾಣಂತಿಯನ್ನು ಕೂಸಿನೊಂದಿಗೆ ಹೊರಗೆ ಹಾಕಬೇಕಾಗುತ್ತದೆ. ಇವೆಲ್ಲ ಆಗ ನನಗೆ ನಾನೇ ಕೊಟ್ಟುಕೊಂಡ ಕಾರಣಗಳು. ನಿಜ ಹೇಳಬೇಕೆಂದರೆ ಅದು ನಾನು ಮಾಡಿದ ಅತ್ಯುತ್ತಮ ಕೆಲಸವಾಗಿತ್ತು. ಅದನ್ನು ನನ್ನ ಕೈಯಿಂದ ಒಡೆಯಲು ನನಗೆ ಮನಸ್ಸಾಗಲಿಲ್ಲ.

“ಬ್ಯಾಡ ಕಾಕಾ,” ಎಂದೆ. ಸಾವಕಾರರ ಕಡೆ ತಿರುಗಿ, “ಗಾರೆ ಇನ್ನೂ ಪೂರಾ ಒಣಗಿಲ್ರಿ. ಮಳಿಗಾಲದಾಗ ಹಚ್ಚಿದ್ದು. ಕೂದಲ ಹಸಿ ಇದ್ರ ಹಿಂಗ ನಾತ ಬರ್ತದ,” ಎಂದೆ.

“ಖರೇ ಅದೇನು?”

“ಖರೇರಿ.”

“ಮ್ಯಾಲ ಏನೂ ಇಲ್ಲಲ್ಲ?”

“ಏನೂ ಇಲ್ರಿ.”

“ಮಾನಪ್ಪ, ಬಾಣಂತಿ ಮಲಗೋ ಕ್ವಾಣಿ ಇದು. ಖರೇ ಹೇಳು.”

“ಚಳಿ ಬಿಸಿಲು ಬಿದ್ರ ಹೋಗ್ತದ್ರಿ. ನೀವು ಚಿಂತಿ ಬಿಡ್ರಿ.”

ಲಾಲೇಸಾಬ ನನ್ನ ಮುಖ ನೋಡಿದ. ಏಣಿ ಎತ್ತಿ ಹೊರಗಿಟ್ಟ.

ಮರುದಿನ ಗಾಡಿ ಊರು ದಾಟಿ ಒಂದು ಹರದಾರಿ ಬಂದ ಮೇಲೆ ಅವನು ಬಾಯಿ ಬಿಟ್ಟ. “ಮೂವತ್ತು ವರ್ಷ ಆತು ನಾ ಗಾರೆ ಕಲಸಾಕತ್ತು. ಹಸಿ ಗಾರೆ ನಾತ ನನಗ ಗೊತ್ತಿಲ್ಲೇನು? ಅದು ಗಾರೆ ಅಲ್ಲ, ಮಾನಪ್ಪ.”

“ಒಂದು ಇಲಿ ಸತ್ತಿರಬೇಕು, ಬಿಡು ಕಾಕಾ.”

“ಈ ವರ್ಷ ಒಂದು ಇಲಿ ಅಂದ್ರ ಬರೇ ಒಂದು ಇಲಿ ಏನು?”

“ಮತ್ತ ಅಲ್ಲೇ ಯಾಕ ಹೇಳಲಿಲ್ಲ ನೀ?”

“ನೀ ಒಮ್ಮಿ ಖರೇ ಅಂದಿ. ಸಾವಕಾರ್ರ ಮುಂದ ನಿನ್ನ ಸುಳ್ಳ ಮಾಡೋದು ನನ್ನಿಂದ ಆಗಲಿಲ್ಲ.”

ಮುಂದಿನ ವಾರ ಮತ್ತೆ ಬಂದು ನೋಡೋಣ ಎಂದು ಮಾತಾಡಿಕೊಂಡೆವು. ಗಾಡಿಯನ್ನು ಹಿಂದಕ್ಕೆ ತಿರುಗಿಸಬಹುದಿತ್ತು. ಒಂದೇ ಹರದಾರಿ ಬಂದಿದ್ದೆವು. ತಿರುಗಿಸಲಿಲ್ಲ.

ಐದನೆಯ ದಿನ ಆಳು ಓಡುತ್ತ ಬಂದ. ನೀಲಮ್ಮನಿಗೆ ಜ್ವರ. ಕಂಕುಳಲ್ಲಿ ಗಂಟು.

ನಾವು ಹೋಗಿ ಮುಟ್ಟಿದಾಗ ಕಮಲಾಪುರ ಖಾಲಿಯಾಗುತ್ತಿತ್ತು. ಅಕ್ಕಪಕ್ಕದ ಮನೆಗಳಲ್ಲೂ ಈಗ ಇಲಿ ಬಿದ್ದಿದ್ದವು. ಆ ಮನೆಗಳ ಜನ ಕಂಡ ತಕ್ಷಣ ಹೊರಬಿದ್ದಿದ್ದರು. ಗಾಡಿಗಳ ಮೇಲೆ ಹಾಸಿಗೆ, ಕೋಳಿ ಬುಟ್ಟಿ, ಮುದುಕರು. ನೀಲಮ್ಮನನ್ನು ಹೊಲದ ಗುಡಿಸಲಿಗೆ ಒಯ್ದಿದ್ದರು. ಕೂಸನ್ನು ಬೇರೆ ಮಾಡಿ ಗಂಗಮ್ಮ ಆಡಿನ ಹಾಲು ಕುಡಿಸುತ್ತಿದ್ದರು. ಸಾವಕಾರರು ಒಬ್ಬರೇ ಮನೆಯ ಬಾಗಿಲಲ್ಲಿ ನಿಂತಿದ್ದರು. ಕೋಣೆಯ ಕಡೆ ಕೈ ಮಾಡಿ, “ತೆಗೀರಿ,” ಎಂದರು.

ಲಾಲೇಸಾಬ ತಲೆಯ ರುಮಾಲು ಬಿಚ್ಚಿ ಮೂಗಿಗೆ ಕಟ್ಟಿಕೊಂಡ. “ನೀ ಹೊರಗ ನಿಂದ್ರು. ನಿನಗ ಸಣ್ಣ ಮಕ್ಕಳವ.”

“ಪಟ್ಟಿ ನಂದು ಕಾಕಾ.”

“ಗಾರೆ ನಂದು,” ಎಂದು ಅವನೇ ಏಣಿ ಹತ್ತಿ ಆ ಮೂಲೆಗೆ ಹಾರೆ ಹಾಕಿದ.

ಗಾರೆ ಸುಲಭಕ್ಕೆ ಬಿಡಲಿಲ್ಲ. ಅಷ್ಟು ಚೆನ್ನಾಗಿ ಹಿಡಿದಿತ್ತು. ನಾಲ್ಕನೆಯ ಏಟಿಗೆ ಒಂದು ಮೊಳದಷ್ಟು ಛತ್ತು ಕಳಚಿ ಬಿತ್ತು, ಅದರ ಜೊತೆ ಇಲಿಗಳು ಬಿದ್ದವು. ಕೆಲವು ಆಗಷ್ಟೇ ಸತ್ತಂತಿದ್ದವು. ಕೆಲವು ಒಣಗಿ ತೊಗಲಾಗಿದ್ದವು. ಜೊತೆಗೆ ಗೂಡುಗಳು. ಪಕ್ಕದ ಕೋಣೆಯಿಂದ ಗೋಡೆಯ ಮೇಲ್ಗಡೆ ಹಾದು ತಂದ ಹತ್ತಿಯಲ್ಲಿ ಕಟ್ಟಿದ ಮೆತ್ತನೆಯ ಗೂಡುಗಳು. ಲಾಲೇಸಾಬನ ತಲೆ, ಹೆಗಲು, ತೋಳುಗಳ ಮೇಲೆಲ್ಲ ಬಿದ್ದವು. ಅವನು ಕೊಡವಿಕೊಂಡು ಮತ್ತೆ ಹಾರೆ ಹಾಕಿದ. ಅರ್ಧ ಕೋಣೆ ತೆರೆಯುವಷ್ಟರಲ್ಲಿ ನೆಲ ಕಾಣದಂತಾಯಿತು. ಬೇರೆಯವರ ಮನೆಯಲ್ಲಿ ಮೊದಲ ಇಲಿಯೇ ಬಂದು ನೆಲಕ್ಕೆ ಬಿದ್ದು ಹೊರಗೆ ಹೋಗಿರೆಂದು ಹೇಳಿತ್ತು. ಇಲ್ಲಿ ಅವು ಎಷ್ಟೋ ದಿನದಿಂದ ಸಾಯುತ್ತಿದ್ದವು. ನಮ್ಮ ಛತ್ತು ಒಂದನ್ನೂ ಬೀಳಗೊಟ್ಟಿರಲಿಲ್ಲ.

ಸಾವಕಾರರು ಬಾಗಿಲ ಚೌಕಟ್ಟು ಹಿಡಿದು ನಿಂತು ನೋಡಿದರು. ನಮ್ಮನ್ನು ಒಂದು ಮಾತೂ ಕೇಳಲಿಲ್ಲ.

ಮರುದಿನ ನಡುಮಧ್ಯಾಹ್ನ ನೀಲಮ್ಮ ಹೋದಳು. ಅವಳ ಗಂಡ ಇನ್ನೂ ದಾರಿಯಲ್ಲಿದ್ದ. ಊರಲ್ಲಿ ಕುಣಿ ತೋಡಲು ಯಾರೂ ಬರಲಿಲ್ಲ. ಹೊಲದಲ್ಲಿ ನಾನು, ಲಾಲೇಸಾಬ, ಆ ಆಳು ಮೂವರೂ ತೋಡಿದೆವು. ಅಯ್ಯನವರು ಒಬ್ಬರು ಬಂದು ದೂರದಿಂದ ಮಂತ್ರ ಹೇಳಿ ವಿಭೂತಿ ಕೊಟ್ಟರು. ಅವರ ರೂಢಿಯಂತೆ ಕುಣಿಯಲ್ಲಿ ಕೂರಿಸುವಾಗ ಅವಳ ಕತ್ತು ಒಂದು ಕಡೆ ವಾಲಿತು. ಸಾವಕಾರರು ಕುಣಿಯೊಳಗೆ ಇಳಿದು ಅದನ್ನು ಸರಿ ಮಾಡಿ, ಮಣ್ಣು ಎಳೆಯುವ ತನಕ ಕೈಯಲ್ಲಿ ಹಿಡಿದುಕೊಂಡೇ ಇದ್ದರು.

ಕಲಬುರಗಿಗೆ ಬಂದ ನಾಲ್ಕನೆಯ ದಿನ ಲಾಲೇಸಾಬ ಮಲಗಿದ. ನಾನು ಮೋಮಿನಪುರಕ್ಕೆ ಹೋದಾಗ ಅವನ ಹೆಂಡತಿ ಹುಸೇನಬಿ ಒಳಗೆ ಬಿಡಲಿಲ್ಲ. “ಅವರ ಹುಕುಂ ಅದ. ಮಾನಪ್ಪ ಬಂದ್ರ ಒಳಗ ಬಿಡಬ್ಯಾಡ ಅಂದಾರ,” ಎಂದಳು. ನಾನು ಕಿಟಕಿಯ ಹೊರಗೆ ನಿಂತೆ. ಅವನು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ. ನನ್ನ ದನಿ ಕೇಳಿ ತಿರುಗಿದ.

“ಒಬ್ಬಾವನ ಹೊತ್ಕೊಂಡು ಕೂಡಬ್ಯಾಡ,” ಎಂದ. “ನೀ ಸುಳ್ಳ ಹೇಳಿದಿ, ನಾ ಸುಮ್ಮ ಇದ್ದೆ. ಇಬ್ಬರದೂ ಅದ.”

“ಸಾವಕಾರ್ರಿಗೆ ಹೇಳಲೇನು ಕಾಕಾ?”

ಅವನ ತುಟಿಗಳು ಅಲುಗಿದವು. ದನಿ ಹೊರಡಲಿಲ್ಲ. ಮರುದಿನ ಹೊತ್ತು ಏರುವಷ್ಟರಲ್ಲಿ ತೀರಿಕೊಂಡ. ಹೆಗಲು ಕೊಡಲು ಜನ ಸಾಲದೆ ನನ್ನನ್ನೂ ಕರೆದರು. ಕೊಟ್ಟೆ.

ಆ ಚಳಿಗಾಲವೆಲ್ಲ ಸರ್ಕಾರದವರು ಜನ ಬಿಟ್ಟುಹೋದ ಮನೆಗಳ ಮಾಳಿಗೆ ತೆರೆಸಿ ಒಳಗೆ ಬಿಸಿಲು ಬೀಳುವಂತೆ ಮಾಡಿಸುತ್ತಿದ್ದರು. ಕೂಲಿಗೆ ಬಡಿಗೇರರು ಸಿಗುತ್ತಿರಲಿಲ್ಲ. ನಾನಾಗಿಯೇ ಹೋಗಿ ಸೇರಿಕೊಂಡೆ. ನನಗೂ ಬ್ಯಾನಿ ಬರಲಿ ಎಂಬ ಆಸೆ ಮನಸ್ಸಿನಲ್ಲಿ ಇತ್ತೆಂದು ಕಾಣುತ್ತದೆ. ಬರಲಿಲ್ಲ. ಆ ತಂಡದ ಜೊತೆಗಿದ್ದ ಒಬ್ಬ ಡಾಕ್ಟರು, ಬ್ಯಾನಿ ತರುವುದು ಇಲಿಯಲ್ಲ, ಇಲಿಯ ಮೈಮೇಲಿನ ಚಿಗಟ, ಇಲಿ ಸತ್ತ ಮೇಲೆ ಅದು ಬಿಸಿ ರಕ್ತ ಹುಡುಕಿಕೊಂಡು ಕೆಳಗಿಳಿಯುತ್ತದೆ ಎಂದು ಹೇಳಿದರು. ತೊಟ್ಟಿಲ ಸರಪಳಿಗೆಂದು ಮುಂಗೈ ತೂರುವಷ್ಟು ತೂತು ಬಿಟ್ಟಿದ್ದರೆ ಅದರಿಂದ ಇಳಿಯುತ್ತದೆಯೇ ಎಂದು ನಾನು ಕೇಳಿದೆ. ಅವರು ನನ್ನನ್ನು ವಿಚಿತ್ರವಾಗಿ ನೋಡಿ, “ಸೂಜಿ ತೂತಿದ್ರೂ ಸಾಕು,” ಎಂದರು.

ಯುಗಾದಿ ಕಳೆದ ಮೇಲೆ ಕಮಲಾಪುರದ ಜನ ಮನೆಗಳಿಗೆ ಮರಳಿದರು. ಸಾವಕಾರರಿಂದ ಕರೆ ಬಂತು. ಉಳಿದ ಛತ್ತನ್ನೂ ತೆಗೆದು, ಪಟ್ಟಿ ಒಂದೂ ಉಳಿಯದಂತೆ ಮಾಡಿ ಹೋಗಬೇಕಂತೆ. ಒಬ್ಬನೇ ಹೋದೆ. ಬಿಸಿಲು ಉರಿಯುತ್ತಿತ್ತು. ಎರಡು ದಿನ ಕಿತ್ತೆ. ಸಾವಕಾರರು ಬಾಗಿಲ ಹತ್ತಿರದ ಮಣೆಯ ಮೇಲೆ ಕೂತೇ ಇದ್ದರು. ಬಹಳ ಇಳಿದುಹೋಗಿದ್ದರು. ಒಳಮನೆಯಿಂದ ಆಗಾಗ ಕೂಸಿನ ದನಿ ಕೇಳುತ್ತಿತ್ತು. ಆರು ತಿಂಗಳಾಗಿತ್ತು ಅದಕ್ಕೆ.

ಕೊನೆಯ ಪಟ್ಟಿ ಕಿತ್ತಾದ ಮೇಲೆ ಏಣಿಯಿಂದ ಇಳಿದು ಅವರ ಮುಂದೆ ನಿಂತೆ. “ಸಾವಕಾರ್ರ, ಆವತ್ತು ನಾ ಸುಳ್ಳ ಹೇಳಿದ್ದೆ,” ಎಂದೆ. “ಲಾಲೇಕಾಕಾ ತೆಗೆದು ನೋಡೋಣು ಅಂದಿದ್ದ. ನಾ ಬ್ಯಾಡ ಅಂದೆ. ಅದು ಗಾರೆ ನಾತ ಅಲ್ಲ ಅಂತ ನನಗ ಗೊತ್ತಿತ್ತು.”

ಅವರು ಎದ್ದು ಹೊಡೆಯುತ್ತಾರೆಂದು ಕಾದೆ. ಹೊಡೆದಿದ್ದರೆ ಒಳ್ಳೆಯದಿತ್ತು. ಅವರು ತಲೆ ತಗ್ಗಿಸಿದರು.

“ನನಗೂ ಮೂಗಿತ್ತು, ಮಾನಪ್ಪ,” ಎಂದರು. “ಹತ್ತಿ ಕ್ವಾಣ್ಯಾಗ ಬಾಳೇವು ಮಾಡಿದಾಂವ ನಾ. ಸತ್ತ ಇಲಿ ನಾತ ನನಗ ಯಾರೂ ಹೇಳಿಕೊಡಬೇಕಾಗಿಲ್ಲ. ಛತ್ತು ಒಡೀರಿ ಅಂದ್ರ ಅಕಿ ಅಂಜಿ ಗಂಡನ ಮನಿಗೆ ಹೋಗ್ತಾಳ, ಮತ್ತ ಈ ಮನಿ ಹೊಸ್ತಿಲ ತುಳಿಯಂಗಿಲ್ಲ ಅಂತ ನನಗ ಅಂಜಿಕಿ. ಅದಕ್ಕ ನಿನ್ನ ಕೇಳಿದೆ, ಮತ್ತ ಮತ್ತ ಕೇಳಿದೆ. ನನಗ ಏನು ಬೇಕಿತ್ತೋ ಅದನ್ನ ನೀ ಹೇಳಿದಿ.”

ನಾವಿಬ್ಬರೂ ಒಬ್ಬರನ್ನೊಬ್ಬರು ನೋಡಲಿಲ್ಲ. ಆಗ ಬಾಗಿಲಲ್ಲಿ ನೆರಳು ಬಿತ್ತು. ಗಂಗಮ್ಮ ಕೂಸನ್ನು ಕಂಕುಳಲ್ಲಿ ಎತ್ತಿಕೊಂಡು ನಿಂತಿದ್ದರು. ಎಷ್ಟು ಹೊತ್ತಿನಿಂದ ನಿಂತಿದ್ದರೋ.

“ಇಬ್ಬರಿಗೂ ಗೊತ್ತಿತ್ತು,” ಎಂದರು. ಅವರ ದನಿ ಏರಲಿಲ್ಲ. “ನಾತ ಬರಾಕತ್ತದ ಅಂತ ಮೊದಲು ಹೇಳಿದಾಕಿ ನಾ. ಆ ಕ್ವಾಣ್ಯಾಗ ಅಕಿ ಮಗ್ಗಲದಾಗ ಮಲಗಿದಾಕಿ ನಾ. ಗಂಡಸ್ರು ನೋಡ್ಯಾರ, ಏನೂ ಇಲ್ಲಂತ ಅಂದ್ರಿ, ಸುಮ್ಮನಾದೆ. ನನ್ನ ಒಂದು ಮಾತು ಕೇಳಿದ್ರ, ಅಕಿನ್ನ ಎತ್ಕೊಂಡು ಅವತ್ತೇ ಹೊಲಕ್ಕ ಹೋಗ್ತಿದ್ದೆ.”

ಸಾವಕಾರರು ತಲೆ ಎತ್ತಿದರು. “ಗಂಗಾ…” ಎಂದರು.

ಗಂಗಮ್ಮ ಒಳಗೆ ಹೋಗಿ ಕೂಸಿನ ಕೌದಿ, ಹಾಲಿನ ಗಿಂಡಿ ತೆಗೆದುಕೊಂಡು ಬಂದರು. ಅಂಗಳ ದಾಟಿ, ಬಾಗಿಲು ದಾಟಿ ಹೊಲದ ದಾರಿ ಹಿಡಿದರು. ಸುಡುವ ನೆಲದ ಮೇಲೆ ಬರಿಗಾಲಲ್ಲಿ ನಡೆದು ಹೋಗುತ್ತಿದ್ದ ಅವರ ಹೆಗಲ ಮೇಲಿಂದ ಕೂಸು ನಮ್ಮ ಕಡೆಗೇ ನೋಡುತ್ತಿತ್ತು. ಆ ಮನೆಯೊಳಗೆ ಅವರು ಮತ್ತೆ ಕಾಲಿಡಲಿಲ್ಲ, ಮೊಮ್ಮಗಳನ್ನು ಹೊಲದ ಮನೆಯಲ್ಲೇ ಬೆಳೆಸಿ ಮದುವೆ ಮಾಡಿದರು ಎಂದು ಆಮೇಲೆ ಕೇಳಿದೆ.

ಸಾವಕಾರರು ಮಣೆಯಿಂದ ಏಳಲಿಲ್ಲ, ಕರೆಯಲೂ ಇಲ್ಲ. ನಾನು ಏನು ಮಾಡಬೇಕೆಂದು ತಿಳಿಯದೆ, ಕೆಳಗೆ ಕೂತು, ಕಿತ್ತು ಬಿದ್ದ ಮೊಳೆಗಳನ್ನು ಒಂದೊಂದಾಗಿ ಆರಿಸತೊಡಗಿದೆ. ಯಾರಾದರೂ ಬಂದರೆ ಕಾಲಿಗೆ ಚುಚ್ಚಬಾರದು.